ಅಂಬೂಬಾಯಿಯ ಎರಡೂವರೆ ಕುದುರೆ

ಔರಾದ ತಾಲೂಕಿನಲ್ಲಿ, ಮಾಂಜ್ರಾ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ಅಂಬೂಬಾಯಿ ಎಂಬ ಹೆಂಗಸಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಬಲೆ, ಹರಿಗೋಲು ಎರಡನ್ನೂ ತಾನೇ ಹಿಡಿದು ಮೀನುಗಾರಿಕೆ ಮಾಡುತ್ತಿದ್ದಳು. ಮನೆಯಲ್ಲಿ ಮರಾಠಿ ಆಡುತ್ತಿದ್ದಳು, ಊರಲ್ಲಿ ಕನ್ನಡ, ಬೈಯುವಾಗ ಎರಡೂ. ಈ ದಂಡೆಯಲ್ಲಿ ನಿಂತು ಇವತ್ತು ಯಾವ ಮೀನು ಸಿಕ್ಕಿದೆ ಎಂದು ಅವಳು ಕೂಗಿ ಹೇಳಿದರೆ ಆಚೆ ದಂಡೆಯ ಮನೆಗಳಲ್ಲಿ ಖಾರ ಅರೆಯುವುದು ಶುರುವಾಗುತ್ತಿತ್ತು.

೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಸಂಸ್ಥಾನದ ಮೇಲೆ ಪೊಲೀಸ್ ಕಾರ್ಯಾಚರಣೆ ಆದಾಗ ಹಿಂದೂಸ್ಥಾನದ ಫೌಜು ಬೀದರ ಸೀಮೆಗೂ ಬಂತು. ನದಿ ತುಂಬಿ ಹರಿಯುತ್ತಿತ್ತು. ಏನಾಗುವುದೋ ಎಂದು ಊರಿನವರೆಲ್ಲ ಜೋಳದ ಹೊಲದಲ್ಲಿ ಅಡಗಿ ಕೂತಿದ್ದರು. ಅಂಬೂಬಾಯಿಯೂ ಅಲ್ಲೇ ಇದ್ದಳು. ದಂಟುಗಳ ಸಂದಿಯಿಂದ ಅವಳು ನೋಡಿದ್ದು ಇಷ್ಟು: ಚಪ್ಪಟೆ ತಳದ ಒಂದು ದೋಣಿ, ಅದರ ಹಿಂಭಾಗಕ್ಕೆ ನೇತುಬಿದ್ದ ಹಂಡೆಯಂಥ ಒಂದು ಯಂತ್ರ, ಅದರ ಆರ್ಭಟ. ಹರಿಗೋಲಿನಲ್ಲಿ ಅವಳು ಒಮ್ಮೆ ದಾಟುವ ಹೊತ್ತಿನಲ್ಲಿ ಆ ದೋಣಿ ನಾಲ್ಕು ಸಲ ಹೋಗಿ ಬಂತು. ಅಂಬೂಬಾಯಿಗೆ ಹೆದರಿಕೆ ಮರೆತುಹೋಯಿತು. ಹೊಲದಿಂದ ಎದ್ದು ನೇರ ದಂಡೆಗೆ ಬಂದು ನಿಂತಳು. ಒಬ್ಬ ಜವಾನ ದೂರ ಹೋಗೆಂದು ಕೈ ಬೀಸಿದ. ಅವನು ಮಾತಾಡಿಸುತ್ತಿದ್ದಾನೆಂದು ತಿಳಿದು ಅವಳೂ ಕೈ ಬೀಸಿದಳು.

ಮೂರು ವರ್ಷದ ನಂತರ ಅವಳು ಹೊಸ ದೋಣಿ ಮಾಡಿಸಿದಳು. ಮಾಡಿದವನು ಸಂತಪುರದ ಬಡಗಿ ಕಾಶೀರಾಮ, ಅವಳ ಗಂಡನ ಗೆಳೆಯ. ಅವನು ಆವರೆಗೆ ಎತ್ತಿನ ಬಂಡಿ, ಬಾಗಿಲು, ತೊಟ್ಟಿಲು ಬಿಟ್ಟು ಬೇರೇನೂ ಮಾಡಿದವನಲ್ಲ. ಹಾಗಾಗಿ ಈ ದೋಣಿಗೆ ಜೀವ ತೇಯ್ದಿದ್ದ. ಮುಂದೂ ಚೂಪು, ಹಿಂದೂ ಚೂಪು, ಎರಡೂ ತುದಿಗೆ ಗಿಳಿಯ ಕೊಕ್ಕಿನಂಥ ಬಾಗು. ಸಂತೆಗೆ ಬಂದವರೆಲ್ಲ ನಿಂತು ನೋಡಿ ಹೋಗುತ್ತಿದ್ದರು.

ದೋಣಿ ಸಿದ್ಧವಾದ ದಿನವೇ ಅಂಬೂಬಾಯಿ ಬೀದರಿಗೆ ಹೋದಳು. ಅಲ್ಲಿ ಯೂಸುಫ ಎಂಬ ಮೇಸ್ತ್ರಿ ಇದ್ದ. ನಿಜಾಮರ ಕಾಲದಲ್ಲಿ ಬಸ್ಸುಗಳ ಇಂಜಿನ್ ಬಿಚ್ಚಿ ಜೋಡಿಸಿದವನು, ಈಗ ಸ್ವಂತ ಅಂಗಡಿ ಇಟ್ಟಿದ್ದ. ಇಂಜಿನ್ನಿನ ಬಗ್ಗೆ ಅವನಿಗೆ ತಿಳಿಯದ ಸಂಗತಿ ಇರಲಿಲ್ಲ. ನೀರಿನ ಬಗ್ಗೆ ತಿಳಿದದ್ದು ಒಂದೇ, ಅದರಲ್ಲಿ ಮುಳುಗಬಹುದು ಎಂಬುದು. ಜನ್ಮದಲ್ಲಿ ದೋಣಿ ಹತ್ತಿರಲಿಲ್ಲ. ಆ ಸಂಗತಿಯನ್ನು ಅಂಬೂಬಾಯಿಗೆ ಹೇಳುವುದು ಅಗತ್ಯವೆಂದು ಅವನಿಗೆ ಅನ್ನಿಸಲಿಲ್ಲ.

ಆ ದೋಣಿಗೆ ಎರಡೂವರೆ ಕುದುರೆ ಶಕ್ತಿಯ ಮೋಟರು ಸಾಕು ಎಂದು ಯೂಸುಫ ಲೆಕ್ಕ ಹಾಕಿ ಹೇಳಿದ. ಅಂಬೂಬಾಯಿ ಬೆರಳು ಮಡಚಿ ಎಣಿಸಿದಳು.

“ಎರಡು ಕುದುರಿ ತಿಳೀತು. ಅರ್ಧಾ ಕುದುರಿ ಯಾವ ಕಡಿದು, ಯೂಸುಫಭಾಯಿ? ಮುಂದಿಂದೋ, ಹಿಂದಿಂದೋ?”

“ಹಿಂದಿಂದು, ಬಾಯಿ. ಅದೇ ಒದಿತದ,” ಎಂದ ಯೂಸುಫ. ಅವಳಿಗೆ ಸಮಾಧಾನವಾಯಿತು.

ಇಬ್ಬರೂ ಬೀದರಿನಿಂದ ರೈಲಿನಲ್ಲಿ ಸಿಕಂದರಾಬಾದಿಗೆ ಹೋದರು. ಅಲ್ಲಿ ಸಲಾವೋದ್ದೀನ ಎಂಬ ವ್ಯಾಪಾರಿ ಫೌಜಿನವರು ಬೇಡವೆಂದು ಬಿಟ್ಟ ಸಾಮಾನು ಮಾರುತ್ತಿದ್ದ. ಅವನ ಹತ್ತಿರ ದೋಣಿಯ ಮೋಟರುಗಳು ಮೂರಿದ್ದವು. ಒಂದೊಂದನ್ನೇ ನೀರು ತುಂಬಿದ ಪೀಪಾಯಿಗೆ ತೂಗುಹಾಕಿ ಚಾಲೂ ಮಾಡಿ ತೋರಿಸಿದ. ಯೂಸುಫ ಕಿವಿಗೊಟ್ಟು ಕೇಳಿ, ಮೂಸಿ, ಎಣ್ಣೆ ಮುಟ್ಟಿ ನೋಡಿ ಮೂರೂ ಚೆನ್ನಾಗಿವೆ ಎಂದ. ಅಂಬೂಬಾಯಿಯ ಪರೀಕ್ಷೆ ಬೇರೆ ಇತ್ತು. ಒಂದೊಂದನ್ನೂ ಹೆಗಲಿಗೇರಿಸಿ ಅಂಗಡಿಯ ಸುತ್ತ ನಡೆದಳು. ದಿನಾ ಸಂಜೆ ಮೋಟರನ್ನು ನದಿಯಿಂದ ಮನೆಗೆ ಹೊರಬೇಕಾದವಳು ತಾನು, ಯಾರೂ ಹೊತ್ತುಕೊಡುವುದಿಲ್ಲ ಎಂಬುದು ಅವಳ ವಾದ. ಐದು ಕುದುರೆಯದನ್ನು ಹೊತ್ತು ನಾಲ್ಕು ಹೆಜ್ಜೆ ನಡೆದು ಇಳಿಸಿಬಿಟ್ಟಳು.

ಉಳಿದವು ಎರಡೂ ಎರಡೂವರೆ ಕುದುರೆಯವು. ಆದರೆ ಒಂದರ ಕಾಲು ಉದ್ದ, ಒಂದರದು ಗಿಡ್ಡ. ಮೋಟರಿನಿಂದ ನೀರಿಗೆ ಇಳಿಯುವ ಕಂಬಕ್ಕೆ ಅವರು ಕಾಲು ಎನ್ನುತ್ತಿದ್ದರು. ನಿಮ್ಮ ನದಿ ಎಷ್ಟು ಆಳ ಎಂದು ಸಲಾವೋದ್ದೀನ ಕೇಳಿದ. ಸಂಕ್ರಾಂತಿ ಹೊತ್ತಿಗೆ ಇಷ್ಟು ಎಂದು ಅಂಬೂಬಾಯಿ ಅಂಗಡಿಯ ನಡುವೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಅಳತೆ ತೋರಿಸಿದಳು. ಸಲಾವೋದ್ದೀನ ತಟ್ಟನೆ ಗೋಡೆಯ ಕಡೆಗೆ ತಿರುಗಿ, ಗೋಡೆಗೇ ಗಿಡ್ಡ ಕಾಲಿನದು ಒಳ್ಳೆಯದು ಎಂದು ಹೇಳಿದ. ಹೀಗೆ ಗಿಡ್ಡ ಕಾಲಿನ ಎರಡೂವರೆ ಕುದುರೆ ಗೊತ್ತಾಯಿತು.

ಆ ಮೋಟರಿನ ಪಂಖಾ ಮಾತ್ರ ಮುಕ್ಕಾಗಿತ್ತು. ಪಂಖಾ ಅಂದರೆ ಕಾಲಿನ ತುದಿಯಲ್ಲಿ ತಿರುಗಿ ನೀರನ್ನು ತಳ್ಳುವ ಹಿತ್ತಾಳೆಯ ರೆಕ್ಕೆ. ಸಲಾವೋದ್ದೀನ ಒಂದು ಗೋಣಿಚೀಲ ಸುರಿದ. ಅದರಲ್ಲಿದ್ದ ಪಂಖಾಗಳಲ್ಲಿ ಎರಡು ಹೊಂದಿದವು. ಒಂದಕ್ಕೆ ಎರಡು ರೆಕ್ಕೆ, ಇನ್ನೊಂದಕ್ಕೆ ಮೂರು. ಯಾವುದು ಒಳ್ಳೆಯದೆಂದು ಕೇಳಿದರೆ ಯೂಸುಫ ಸಲಾವೋದ್ದೀನನ ಮುಖ ನೋಡಿದ, ಸಲಾವೋದ್ದೀನ ಯೂಸುಫನ ಮುಖ ನೋಡಿದ. ಕೊನೆಗೆ ಎರಡೂ ಒಯ್ಯಿರಿ, ಬೇಡವಾದದ್ದನ್ನು ವಾಪಸ್ ಕಳಿಸಿರಿ ಎಂದು ತೀರ್ಮಾನವಾಯಿತು.

ರೈಲಿನಲ್ಲಿ ಮೋಟರಿಗೆ ಕೌದಿ ಹೊದಿಸಿ ಬೆಂಚಿನ ಮೇಲೆ ಮಲಗಿಸಿದರು. ಕಾಯಿಲೆ ಯಾರಿಗೆ ಎಂದು ಹತ್ತಿದವರೆಲ್ಲ ಕೇಳಿದರು. ಯೂಸುಫ ಮೊದಮೊದಲು ವಿವರವಾಗಿ ಹೇಳಿದ. ವಿಕಾರಾಬಾದ ದಾಟಿದ ಮೇಲೆ ದಣಿದು, ಅತ್ತೆ ಎಂದು ಹೇಳತೊಡಗಿದ. ಒಬ್ಬ ಮುದುಕಿ ಪಾಪ ಎಂದು ಕೌದಿಯ ಮೇಲೆ ಒಂದು ಪೇರಲ ಹಣ್ಣು ಇಟ್ಟು ಇಳಿದುಹೋದಳು.

ಊರಿಗೆ ಬಂದು ನೋಡಿದರೆ ಮೋಟರು ತೂಗುಹಾಕಲು ದೋಣಿಯಲ್ಲಿ ಜಾಗವೇ ಇಲ್ಲ. ಹಿಂಭಾಗ ಚಪ್ಪಟೆ ಹಲಗೆಯಾಗಿರಬೇಕು, ಇಲ್ಲಿ ನೋಡಿದರೆ ಗಿಳಿಯ ಕೊಕ್ಕು. ಅದನ್ನು ಕೊಯ್ದು ಹಲಗೆ ಕೂರಿಸಬೇಕೆಂದು ಯೂಸುಫ ಹೇಳಿದಾಗ ಕಾಶೀರಾಮ ಗರಗಸವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗೆಳೆಯನ ಹೆಂಡತಿಯ ಕಡೆ ತಿರುಗಿದ.

“ವೈನಿ, ನಿಮ್ಮ ಕೈಲೆ ನನ್ನ ಮೂಗ ಕೊಯ್ರಿ. ಇದಕ್ಕ ಮಾತ್ರ ಗರಗಸ ಹಚ್ಚಂಗಿಲ್ಲ ನಾ.”

ಅವನ ಮೂಗಿಗೆ ಮೋಟರು ತೂಗುಹಾಕಲು ಬರುವುದಿಲ್ಲ ಎಂದು ಅಂಬೂಬಾಯಿ ತಿಳಿಸಿ ಹೇಳಿದಳು. ಎರಡು ದಿನ ಅವನು ಊಟ ಬಿಟ್ಟ. ಮೂರನೆಯ ದಿನ ಬಂದು, ಮುಖ ಬೇರೆ ಕಡೆ ತಿರುಗಿಸಿಕೊಂಡೇ ಕೊಯ್ದು ಹಲಗೆ ಕೂರಿಸಿದ. ಹಾಗೆ ಕೊಯ್ದಿದ್ದರಿಂದ ಹಿಂಭಾಗ ಸ್ವಲ್ಪ ಸೊಟ್ಟಾಗಿ, ತಗ್ಗಾಗಿ ಉಳಿಯಿತು. ಕೊಯ್ದ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದ.

ಇನ್ನು ಪಂಖಾದ ಪ್ರಶ್ನೆ. ನೀರನ್ನು ಚೆನ್ನಾಗಿ ಕಡೆಯುವುದು ಯಾವುದು ಎಂಬುದಷ್ಟೇ ಗೊತ್ತಾಗಬೇಕಿತ್ತು. ಕಡೆಯುವುದು ಎಂಬ ಮಾತು ಬಂದದ್ದೇ ತಡ, ಅಂಬೂಬಾಯಿ ನೆರೆಮನೆಯ ಗುಂಡಮ್ಮನ ಹತ್ತಿರ ಹೋದಳು. ಗುಂಡಮ್ಮ ಊರಿನ ಪಾಟೀಲ ಮಲ್ಲಿಕಾರ್ಜುನಪ್ಪನವರ ಹೆಂಡತಿ. ಮನೆಯಲ್ಲಿ ನಾಲ್ಕು ಎಮ್ಮೆ, ದಿನಾ ಎರಡು ಗಡಿಗೆ ಮೊಸರು. ಮೀನಿನ ದೋಣಿಯ ಪಂಖಾ ತನ್ನ ಮೊಸರಿಗೆ ಬೇಡವೇ ಬೇಡ ಎಂದು ಆಕೆ ಬಾಗಿಲಲ್ಲೇ ನಿಲ್ಲಿಸಿದಳು.

“ಅಕ್ಕಾ, ಇದು ಇನ್ನಾ ಮೀನದ ಮಾರಿ ನೋಡಿಲ್ರಿ. ನಿಮ್ಮ ಸೊಸಿಕಿಂತ ಮಡಿ ಅದ.”

ಸೊಸೆಯ ಮಾತು ಬಂದದ್ದಕ್ಕೋ ಏನೋ ಗುಂಡಮ್ಮ ಮೆತ್ತಗಾದಳು. ಎರಡೂ ಪಂಖಾಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಎರಡು ಕೋಲಿಗೆ ಸಿಕ್ಕಿಸಿ, ಎರಡು ಗಡಿಗೆಗಳಲ್ಲಿ ಇಳಿಸಿದರು. ಒಂದು ಹಗ್ಗ ಅಂಬೂಬಾಯಿ ಹಿಡಿದಳು, ಇನ್ನೊಂದು ಗುಂಡಮ್ಮ. ಯೂಸುಫ ಕೈಗಡಿಯಾರ ನೋಡುತ್ತ ಕಟ್ಟೆಯ ಮೇಲೆ ಕೂತ. ಮೂರು ರೆಕ್ಕೆಯದರಲ್ಲಿ ಬೆಣ್ಣೆ ಆರು ನಿಮಿಷ ಮೊದಲು ತೇಲಿತು. ಅಂಬೂಬಾಯಿ ಮೂರು ರೆಕ್ಕೆಯದನ್ನೇ ಆರಿಸಿದಳು. ಯೂಸುಫನೂ ಒಪ್ಪಿದ, ಏಕೆಂದರೆ ಅವನಿಗೆ ರೊಟ್ಟಿಯ ಜೊತೆ ಬೆಣ್ಣೆ ಕೊಟ್ಟಿದ್ದರು. ಎರಡು ರೆಕ್ಕೆಯದನ್ನು ಸಿಕಂದರಾಬಾದಿಗೆ ಕಳಿಸುವವರೆಗೆ ತನ್ನ ಹತ್ತಿರ ಇರಲಿ ಎಂದು ಗುಂಡಮ್ಮ ಇಟ್ಟುಕೊಂಡಳು. ಅವಳ ಹಳೆಯ ಕಡಗೋಲಿಗಿಂತ ಅದೂ ಎಷ್ಟೋ ವಾಸಿಯಾಗಿತ್ತು.

ಇಲ್ಲಿ ಒಂದು ಸಂಗತಿ ಯಾರಿಗೂ ಹೊಳೆಯಲಿಲ್ಲ. ಕಡಗೋಲು ಹಗ್ಗ ಎಳೆದಂತೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತದೆ. ಮೋಟರು ಒಂದೇ ಕಡೆ ತಿರುಗುತ್ತದೆ. ಆ ಮೂರು ರೆಕ್ಕೆಯ ಪಂಖಾ ಎಡಕ್ಕೆ ತಿರುಗುವ ಯಾವುದೋ ಮೋಟರಿನದು, ಇವರ ಮೋಟರು ಬಲಕ್ಕೆ ತಿರುಗುವಂಥದು.

ದೋಣಿ ಇಳಿಸುವ ದಿನ ಊರೆಲ್ಲ ದಂಡೆಗೆ ಬಂತು. ಪಾಟೀಲರನ್ನು ಬಿಟ್ಟು ಕಾಯಿ ಒಡೆಯುವುದು ಹೇಗೆ? ಮಲ್ಲಿಕಾರ್ಜುನಪ್ಪನವರು ಬಿಳಿ ಧೋತರ ಉಟ್ಟು, ರುಮಾಲು ಸುತ್ತಿ ಬಂದು ಕಾಯಿ ಒಡೆದರು. ಮೊದಲ ಸವಾರಿ ತಮ್ಮದೇ ಆಗಬೇಕೆಂದು ಹೇಳಿ ಮನೆಯ ಕುರ್ಚಿಯನ್ನೇ ತರಿಸಿ ದೋಣಿಯ ಮುಂಭಾಗದಲ್ಲಿ, ಆಚೆ ದಂಡೆಗೆ ಮುಖ ಮಾಡಿ ಕೂತರು. ಅಂಬೂಬಾಯಿ ನಡುವೆ ನಿಂತಳು. ಯೂಸುಫ ಹಿಂದೆ, ಕಣ್ಣು ಮುಚ್ಚಿ ಏನೋ ಪಠಿಸುತ್ತಿದ್ದ. ಕಾಶೀರಾಮ ಕೋಲು ಊರಿ ದೋಣಿಯನ್ನು ನಡುನೀರಿಗೆ ಒಯ್ದ. ಯೂಸುಫ ಹಗ್ಗ ಎಳೆದ. ಮೋಟರು ಗರ್ಜಿಸಿತು. ದಂಡೆಯ ಎತ್ತುಗಳು ಬಂಡಿ ಸಮೇತ ಊರ ಕಡೆ ಓಡಿದವು.

ದೋಣಿ ಹಿಂದಕ್ಕೆ ಹೊರಟಿತು.

ಮೊದಲು ಗೊತ್ತಾದದ್ದು ಪಾಟೀಲರಿಗೆ. ಅವರು ಕುರ್ಚಿಯಿಂದ ಅಲ್ಲಾಡದೆ, ತಲೆ ತಿರುಗಿಸದೆ ಕೇಳಿದರು. “ಯೂಸುಫ, ಆ ದಂಡಿ ಯಾಕ ದೂರ ಹೊಂಟದ?”

ಶಕ್ತಿ ಸಾಲದೆ ಪ್ರವಾಹ ಎಳೆಯುತ್ತಿದೆ ಎಂದು ಭಾವಿಸಿದ ಯೂಸುಫ ಕಣ್ಣು ಮುಚ್ಚಿಕೊಂಡೇ ಇನ್ನಷ್ಟು ವೇಗ ಕೊಟ್ಟ. ಆಚೆ ದಂಡೆ ಇನ್ನೂ ಬೇಗ ದೂರವಾಯಿತು. ಕಾಶೀರಾಮ ಕೊಯ್ದ ಸೊಟ್ಟ ಹಿಂಭಾಗದ ಮೇಲಿಂದ ನೀರು ಬಿಂದಿಗೆ ಬಿಂದಿಗೆಯಾಗಿ ಒಳಗೆ ಸುರಿಯತೊಡಗಿತು. ನಿಲ್ಲಿಸು ಎಂದು ಅಂಬೂಬಾಯಿ ಎರಡು ಭಾಷೆಯಲ್ಲೂ ಕೂಗಿದಳು. ಮೋಟರಿನ ಸದ್ದಿನಲ್ಲಿ ಜನ್ಮದಲ್ಲಿ ಮೊದಲ ಬಾರಿಗೆ ಅವಳ ದನಿ ಯಾರಿಗೂ ಕೇಳಿಸಲಿಲ್ಲ. ದಂಡೆಯ ಜನರಿಗೆ ಇದೇ ಸರಿಯಾದ ಕ್ರಮವೆನ್ನಿಸಿ ಚಪ್ಪಾಳೆ ತಟ್ಟಿದರು. ತಮ್ಮ ಕಡೆ ಬೆನ್ನು ಮಾಡಿ ಕೂತ ಪಾಟೀಲರು ಬರಬರುತ್ತ ದೊಡ್ಡದಾಗಿ ಕಾಣುತ್ತಿದ್ದರು.

ದಂಡೆಯ ಕೆಸರಿನಲ್ಲಿ ಅವರದೇ ನಾಲ್ಕು ಎಮ್ಮೆಗಳು ಮಲಗಿದ್ದವು. ದೋಣಿ ನೇರ ಅವುಗಳ ನಡುವೆ ಹೊಕ್ಕು, ಪಂಖಾ ಕೆಸರಿಗೆ ಹೂತು, ಮೋಟರು ಕೆಮ್ಮಿ ನಿಂತಿತು. ಕುರ್ಚಿ ಉರುಳಿತು. ಮಲ್ಲಿಕಾರ್ಜುನಪ್ಪನವರು ಒಂದು ಎಮ್ಮೆಯ ಬೆನ್ನ ಮೇಲೆ ಬಿದ್ದರು. ಅದು ಗುರುತು ಹಿಡಿದು ಸುಮ್ಮನೆ ಎದ್ದು ಅವರನ್ನು ಮನೆಯ ಕಡೆಗೆ ಒಯ್ಯಿತು. ರುಮಾಲು ಮಾತ್ರ ಒದ್ದೆಯಾಗಿರಲಿಲ್ಲ.

ತಪ್ಪು ಎಲ್ಲಿದೆಯೆಂದು ಯೂಸುಫ ಮೋಟರನ್ನು ಬಿಚ್ಚಿ ಹಾಸಿ ಮಧ್ಯಾಹ್ನದವರೆಗೆ ನೋಡಿದ. ಕೊನೆಗೆ ಪಂಖಾವನ್ನು ಕೈಯಲ್ಲಿ ತಿರುಗಿಸಿ ನೋಡಿದಾಗ ರೆಕ್ಕೆಗಳ ಓರೆ ಉಲ್ಟಾ ಇರುವುದು ಕಂಡಿತು. ಅಂಬೂಬಾಯಿ ಬೈಯುವಳೆಂದು ಅವನು ಕಾದ. ಅವಳು ಕೆಸರಿನಲ್ಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ತಾನು ನೋಡಿರಲಿಲ್ಲ ಎಂದು ಕಾಶೀರಾಮ ಆಮೇಲೆ ಹೇಳುತ್ತಿದ್ದ.

ಈಗ ಎರಡು ರೆಕ್ಕೆಯ ಪಂಖಾ ಬೇಕು. ಅದು ಗುಂಡಮ್ಮನ ಗಡಿಗೆಯಲ್ಲಿತ್ತು. ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಬರುತ್ತದೆಂದು ಆಕೆ ಅದನ್ನು ಭಾಲ್ಕಿಗೆ ಕಳಿಸಿ ಕಲಾಯಿಯನ್ನೂ ಹಾಕಿಸಿದ್ದಳು. ಬೆಳ್ಳಿಯಂತೆ ಹೊಳೆಯುತ್ತಿತ್ತು. ಕೊಡುವುದಿಲ್ಲ ಎಂದಳು. ಬದಲಿಗೆ ಮೂರು ರೆಕ್ಕೆಯದನ್ನು ಕೊಡುತ್ತೇವೆಂದರೆ ಅದು ಹೊಳೆಗೆ ಇಳಿದು ಬಂದಿದೆ, ಬೇಡ ಎಂದಳು. ಹೀಗೆ ಎಂಟು ದಿನ ದೋಣಿ ದಂಡೆಯಲ್ಲೇ ಬಿದ್ದಿತ್ತು.

ಈ ಗಂಟು ಬಿಡಿಸಿದವನು ಕಾಶೀರಾಮ. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ದೋಣಿಯ ತುಂಡನ್ನು ಹೊರತೆಗೆದು, ಅದನ್ನು ಕೆತ್ತಿ ನಾಲ್ಕು ರೆಕ್ಕೆಯ ಒಂದು ಕಡಗೋಲು ಮಾಡಿದ. ಆ ಮರ ನೀರು ಕಂಡಿರಲಿಲ್ಲ, ಮೀನಂತೂ ಇಲ್ಲವೇ ಇಲ್ಲ. ಗುಂಡಮ್ಮ ಕಡೆದು ನೋಡಿದಳು. ಬೆಣ್ಣೆ ಬೇಗ ಬಂತು. ಒಳಗೆ ಹೋಗಿ ಪಂಖಾ ತಂದು ಅಂಬೂಬಾಯಿಯ ಮಡಿಲಿಗೆ ಹಾಕಿದಳು. ಇಷ್ಟು ದಿನ ಮನೆಯ ಮೊಸರು ಕಡೆದದ್ದು ಇದೇ ಎಂದು ಪಾಟೀಲರ ಕಿವಿಗೆ ಹಾಕಬೇಡ ಎಂದಷ್ಟೇ ಹೇಳಿದಳು.

ಕಾಶೀರಾಮ ಹಿಂಭಾಗಕ್ಕೆ ಎತ್ತರದ ಹೊಸ ಹಲಗೆ ಕೂರಿಸಿದ, ಈ ಸಲ ಕಣ್ಣಿಟ್ಟು ನೋಡಿ. ಎರಡನೆಯ ಸಲ ಜನರನ್ನು ಕರೆಯಲಿಲ್ಲ. ಅಂಬೂಬಾಯಿ ಒಬ್ಬಳೇ ಹತ್ತಿ ಹಗ್ಗ ಎಳೆದಳು. ದೋಣಿ ಮುಂದಕ್ಕೆ ಹೋಯಿತು. ಆಚೆ ದಂಡೆ ಮುಟ್ಟಿ, ಹೊರಳಿ, ಮತ್ತೆ ಹೋಗಿ, ನಾಲ್ಕು ಸಲ ಎಣಿಸಿಯೇ ನಿಲ್ಲಿಸಿದಳು. ಯೂಸುಫ ದಂಡೆಯ ಮೇಲೆ ಒಣ ನೆಲದಲ್ಲಿ ನಿಂತು ಎಲ್ಲ ಸಲಹೆ ಕೊಟ್ಟ.

ಮೀನು ಮಾತ್ರ ಆ ದಿನ ಒಂದೂ ಸಿಗಲಿಲ್ಲ. ಆ ಸದ್ದಿಗೆ ಇದ್ದ ಮೀನೆಲ್ಲ ಯಾವ ಕಡೆ ಹೋದವೋ. ನಾಲ್ಕಾರು ದಿನ ಹೀಗೇ ಆದ ಮೇಲೆ ಅವಳಿಗೆ ಉಪಾಯ ಹೊಳೆಯಿತು. ಮೋಟರಿನಲ್ಲಿ ಮೇಲಿನ ದೊಡ್ಡ ಮಡುವಿನ ಹತ್ತಿರ ಹೋಗುವುದು. ಕೋಲು ಊರಿ ಹೋದರೆ ಅರ್ಧ ದಿನ ಹಿಡಿಯುವ ಜಾಗ ಅದು, ಬೇರೆ ಯಾರೂ ಬರುತ್ತಿರಲಿಲ್ಲ. ಅಲ್ಲಿ ಮೋಟರು ನಿಲ್ಲಿಸಿ, ಒಂದು ಎಲೆಅಡಿಕೆ ಹಾಕಿಕೊಂಡು, ಮೀನುಗಳಿಗೆ ಮರೆವು ಬರುವವರೆಗೆ ಸುಮ್ಮನೆ ಕೂರುವುದು. ಆಮೇಲೆ ಬಲೆ. ಅಂಬೂಬಾಯಿಗೆ ಕಷ್ಟವಾದದ್ದು ಸುಮ್ಮನೆ ಕೂರುವುದೊಂದೇ. ಅದನ್ನೂ ಕಲಿತಳು.

ಮುಂದಿನ ಮಳೆಗಾಲದ ಹೊತ್ತಿಗೆ ಭಾಲ್ಕಿಯ ಬಜಾರಿನಲ್ಲಿ ಅವಳ ಬುಟ್ಟಿ ಎಲ್ಲರಿಗಿಂತ ಮೊದಲು ಬರುತ್ತಿತ್ತು. ಮಲ್ಲಿಕಾರ್ಜುನಪ್ಪನವರು ಆ ದೋಣಿಯನ್ನು ಮತ್ತೆ ಹತ್ತಲಿಲ್ಲ. ಆದರೆ ಕಚೇರಿ ಕೆಲಸಕ್ಕೆ ಔರಾದಿಗೆ ಹೋದಾಗಲೆಲ್ಲ, ನಮ್ಮ ಊರಾಗ ಮೋಟರದ ದೋಣಿ ಅದ, ಅದರ ಮ್ಯಾಲ ಮೊದಲು ಕೂತವ ನಾನು ಎಂದು ಹೇಳಿಕೊಳ್ಳುತ್ತಿದ್ದರು. ಯಾವ ದಿಕ್ಕಿಗೆ ಹೋದಿರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ.