ಶಿವಕುಮಾರನ ಎರಡನೆಯ ರೇಡಿಯೇಟರ್

ನಮ್ಮ ಮನೆಯ ಹಿಂಬದಿಯ ಮನೆಯ ಶಿವಕುಮಾರನಿಗೆ ಕಂಪ್ಯೂಟರು ತುಂಬಿದ ದೊಡ್ಡ ದೊಡ್ಡ ಕೋಣೆಗಳನ್ನು ತಂಪಾಗಿಡುವ ಕೆಲಸ. ಅದಕ್ಕೆ ಅವನಿಗೆ ಸಂಬಳವನ್ನೂ ಕೊಡುತ್ತಾರೆ. ಅವನ ಸ್ವಂತ ಕಾರು ಮಾತ್ರ ಗ್ಯಾರೇಜಿನ ಹೊಸ್ತಿಲು ದಾಟುವ ಮೊದಲೇ ಕುದಿಯುತ್ತಿತ್ತು.

ಕಾರು ಅಂಗಡಿಯಲ್ಲಿ ಕೊಂಡದ್ದಲ್ಲ. ಒಂಬತ್ತು ವರ್ಷದ ಹಿಂದೆ ಬಿಡಿಬಿಡಿಯಾಗಿ, ಇಪ್ಪತ್ತಮೂರು ಪೆಟ್ಟಿಗೆಗಳಲ್ಲಿ ನಮ್ಮೂರು ಹಿಲ್ಸ್‌ಬರೋಗೆ ಬಂದಿಳಿದ ಕಿಟ್. ಜೋಡಿಸಿದರೆ ಇಬ್ಬರಿಗೆ ಜಾಗ, ಛಾವಣಿಯಿಲ್ಲ. ಮಗಳು ಭೂಮಿಕಾಗೆ ಆಗ ಒಂಬತ್ತು. "ಮುಂದಿನ ಸಮ್ಮರ್‌ಗೆ ಇದ್ರಲ್ಲೇ ಫ್ಲಶಿಂಗ್‌ನ ದೇವಸ್ಥಾನಕ್ಕೆ ಹೋಗೋಣ ಪುಟ್ಟಿ, ಕ್ಯಾಂಟೀನಲ್ಲಿ ದೋಸೆ ತಿನ್ನೋಣ" ಎಂದು ನನ್ನೆದುರಿಗೇ ಮಾತು ಕೊಟ್ಟ. ಆ ಮುಂದಿನ ಬೇಸಿಗೆ ಒಂಬತ್ತು ಸಲ ಬಂದು ಹೋಯಿತು. ಈ ಆಗಸ್ಟಿನ ಕೊನೆಯ ಸೋಮವಾರ ಹುಡುಗಿ ಮಿಷಿಗನ್‌ಗೆ, ಕಾಲೇಜಿಗೆ ಹೊರಡುವವಳು. ಇನ್ನು ಉಳಿದದ್ದು ಒಂದೇ ವಾರ.

ಎಂಜಿನ್ನನ್ನು ತಂಪಾಗಿಡುವ ಮೊದಲ ರೇಡಿಯೇಟರನ್ನು ಕೊಂದವನು ಅವನೇ. ಫ್ಯಾನ್ ಕೂರಿಸಲು ಅರ್ಧ ಇಂಚಿನ ಸ್ಕ್ರೂ ಸಾಕಾಗಿದ್ದ ಕಡೆ ಒಂದಿಂಚಿನದ್ದನ್ನು ತಿರುಗಿಸಿದ. ಅದು ನೀರಿನ ಕೊಳವೆಗೇ ತೂತು ಹಾಕಿತು. ಕೇಳಿದರೆ, "ಮ್ಯಾನ್ಯುಯಲ್ ಸರಿಯಿಲ್ಲ ಅಕ್ಕ, ಡ್ರಾಯಿಂಗ್‌ನಲ್ಲೇ ಮಿಸ್ಟೇಕ್ ಇದೆ" ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಒಂಬತ್ತು ವರ್ಷದಲ್ಲಿ ಆ ಗ್ಯಾರೇಜಿನಲ್ಲಿ ಆದ ತಪ್ಪೆಲ್ಲ ಮ್ಯಾನ್ಯುಯಲ್ಲಿನದು, ಫ್ಯಾಕ್ಟರಿಯದು, ಇಲ್ಲವೇ ಹವೆಯದು. ಅವನದು ಒಂದೂ ಇಲ್ಲ.

ಎರಡನೆಯ ರೇಡಿಯೇಟರ್ ಬಂದಾಗ ನಾನು ನಮ್ಮ ಹಿತ್ತಲಿನ ಮರದ ಡೆಕ್ಕಿನ ಮೇಲೆ ಕಾಫಿ ಹಿಡಿದು ಕೂತು ತಮಾಷೆ ನೋಡಿದೆ. ಶಿವಕುಮಾರ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿ, ಅದನ್ನು ಕೂರಿಸಲು ಲೋಹದ ಪಟ್ಟಿ ಕತ್ತರಿಸಿ, ತೂತು ಕೊರೆದ. ರೇಡಿಯೇಟರ್ ಕೂರಲಿಲ್ಲ. ಇನ್ನೊಮ್ಮೆ ಕೊರೆದ, ಆಗಲೂ ಕೂರಲಿಲ್ಲ. ಮಗಳು ಪಿಜ್ಜಾ ಡಬ್ಬಿ ಕತ್ತರಿಸಿ ಕಾರಿನ ಚೌಕಟ್ಟಿಗೆ ಹಿಡಿದು, ತೂತುಗಳ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿದಳು. "ಅಪ್ಪಾ, ಪ್ಲೀಸ್, ಜಸ್ಟ್ ಟ್ರಸ್ಟ್ ದ ಕಾರ್ಡ್‌ಬೋರ್ಡ್" ಎಂದಳು. ಪಿಜ್ಜಾ ಡಬ್ಬಿಯ ಅಳತೆಗೆ ರೇಡಿಯೇಟರ್ ಸರಿಯಾಗಿ ಕೂತಿತು. ಎಂಜಿನಿಯರ್ ಮಹಾಶಯ ಲ್ಯಾಪ್‌ಟಾಪ್ ಮುಚ್ಚಿದ. ಶನಿವಾರ ಸಂಜೆ ಗ್ಯಾರೇಜಿನ ಮುಂದೆ ಒಂದು ಗಂಟೆ ಎಂಜಿನ್ ಓಡಿಸಿದರು. ಶಾಖದ ಸೂಜಿ ನಡುವೆ ನಿಂತದ್ದು ಕದಲಲಿಲ್ಲ.

"ಪೂಜೆ ಆಗ್ದೆ ಗಾಡಿ ರೋಡಿಗಿಳಿಸ್ಬಾರ್ದು" ಎಂದು ನಾನೇ ಹೇಳಿದೆ. ಇಂಥದ್ದನ್ನು ಹೇಳಲು ಈ ಬೀದಿಯಲ್ಲಿ ಇನ್ಯಾರಿದ್ದಾರೆ? ಭಾನುವಾರ ಬೆಳಿಗ್ಗೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ಒಡೆಸಿ, ಅರಿಶಿನ ಕುಂಕುಮ ಹಚ್ಚಿದೆ. ನನ್ನ ಹಿತ್ತಲಿನ ಚೆಂಡುಹೂವನ್ನೆಲ್ಲ ಬಿಡಿಸಿ ಒತ್ತೊತ್ತಾಗಿ ಕಟ್ಟಿದ ಹಾರವನ್ನು ಕಾರಿನ ಮೂತಿಗೆ ನಾಲ್ಕು ಸುತ್ತು ಹಾಕಿದೆ. ಮೂತಿಯೇ ಕಾಣದಷ್ಟು ದಪ್ಪ ಹಾರ.

"ಆಂಟಿ, ರೇಡಿಯೇಟರ್‌ಗೆ ಏರ್ ಬೇಕು. ಕ್ಯಾನ್ ವೀ ಟೇಕ್ ಇಟ್ ಆಫ್?" ಎಂದಳು ಭೂಮಿಕಾ.

"ದೇವಸ್ಥಾನ ಮುಟ್ಟೋವರ್ಗೂ ಪೂಜೆ ಹಾರ ತೆಗೀಬಾರ್ದು ಕಣೇ. ಗಾಳಿಗೇನು ಬರ? ಹೂವಿನ ಸಂದೀಲಿ ಹೋಗುತ್ತೆ."

ಶಿವಕುಮಾರ ಹಾರಕ್ಕೆ ಕೈ ಹಾಕಿದ, ಹಿಂದಕ್ಕೆ ತೆಗೆದ. "ಇರ್ಲಿ ಬಿಡು ಪುಟ್ಟಿ. ಅಕ್ಕ ಐದಕ್ಕೇ ಎದ್ದು ಕಟ್ಟಿದ್ದಾರೆ" ಎಂದ. ಅಂತೂ ಬುದ್ಧಿ ಬಂತಲ್ಲ ಎಂದುಕೊಂಡೆ.

ಅಪ್ಪ ಮಗಳು ಮುಂದೆ ಹೋದರು. ಅವನ ಹೆಂಡತಿ ಉಷಾಳನ್ನು ಕೂರಿಸಿಕೊಂಡು ನಾನು ನನ್ನ ಕಾರಿನಲ್ಲಿ ಹಿಂದೆ ಹೊರಟೆ. ರೂಟ್ ಇಪ್ಪತ್ತೆರಡು ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಹೋಗಿರಬೇಕು, ಮುಂದಿನ ಕಾರಿನಿಂದ ಬುಸ್ಸೆಂದು ಬಿಳಿ ಹಬೆ ಎದ್ದಿತು. ಗಾಡಿ ರಸ್ತೆ ಬದಿಗೆ ನಿಂತಿತು.

"ನೋಡಿದ್ಯಾ? ಇದನ್ನೂ ಕೊಂದ ನಿನ್ ಗಂಡ!" ಎಂದು ಉಷಾಳಿಗೆ ಹೇಳಿ, ಉಳಿದ ಮಾತನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡು ಇಳಿದೆ.

ಭೂಮಿಕಾ ಮೂತಿಯ ಮುಂದೆ ಮಂಡಿಯೂರಿದ್ದಳು. ಹಾರವನ್ನು ಗಾಳಿ ಒಳಕ್ಕೆ ಒತ್ತಿ, ಒದ್ದೆ ಕೌದಿಯಂತೆ ರೇಡಿಯೇಟರಿಗೆ ಮೆತ್ತಿಬಿಟ್ಟಿತ್ತು. ಹುಡುಗಿ ಒಂದೊಂದೇ ಎಸಳನ್ನು ಕೀಳುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು.

ನನಗಿಂತ ಮೊದಲು ಶಿವಕುಮಾರನೇ ಮಾತಾಡಿದ. "ತಪ್ಪು ನಂದೇ ಅಕ್ಕ. ಫ್ಯಾನ್ ಇನ್ನೂ ದೊಡ್ಡದು ಹಾಕ್ಬೇಕಿತ್ತು."

ಸುಳ್ಳು ಹೇಳಲೂ ಬಾರದ ದಡ್ಡ. ಆ ಫ್ಯಾನ್ ಸಾಕೆಂಬುದನ್ನು ಶನಿವಾರ ನಾನೇ ಕಣ್ಣಾರೆ ಕಂಡಿದ್ದೆ. ಒಂಬತ್ತು ವರ್ಷದಲ್ಲಿ ಒಂದು ತಪ್ಪನ್ನೂ ಒಪ್ಪದ ಮನುಷ್ಯ ಮೊದಲ ಸಲ ಒಪ್ಪಿದ್ದು ತನ್ನದಲ್ಲದ ತಪ್ಪನ್ನು. ನನಗೆ ಮೈಯೆಲ್ಲ ನಾಚಿಕೆಯಾಯಿತು.

"ಫ್ಯಾನ್ ಸರಿಯಾಗೇ ಇದೆ ಕಣೋ. ಹಾರ ನಂದು" ಎಂದು ನಾನೂ ಮಂಡಿಯೂರಿದೆ. ಭೂಮಿಕಾ ಸ್ವಲ್ಪ ಸರಿದು ಜಾಗ ಕೊಟ್ಟಳು. ಎಂಜಿನ್ ಆರಲು ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟೂ ಹೊತ್ತು ಇಬ್ಬರೂ ಎಸಳು ಕಿತ್ತೆವು. ನೀರು ತುಂಬಿಸಿ ಅವರು ಫ್ಲಶಿಂಗ್ ಕಡೆ ಹೊರಟಾಗ, ಹಾರದ ದಾರ ನನ್ನ ಕೈಯಲ್ಲಿತ್ತು.