ಹಸಿರು ಬಂದರೆ ಬಣ್ಣ, ಬಿಳಿ ಬಂದರೆ ಮಷೀನು

ವಿಜಯದಶಮಿಯ ಮಾರನೇ ಬೆಳಿಗ್ಗೆ ನಾನು ಮಾಡಿದ್ದಿಷ್ಟು: ನೀರು ಹಿಡಿದೆ, ಹಾಲು ಕಾಯಿಸಿದೆ, ಬಾಡಿದ ಮಾವಿನ ತೋರಣ ಬಿಚ್ಚಿದೆ, ಬುತ್ತಿ ಕಟ್ಟಿದೆ, ಪೀಣ್ಯದಲ್ಲಿರುವ ನಮ್ಮ ಶೆಡ್ಡಿಗೆ ಹೋಗಿ ಒಡೆದ ಬೂದುಗುಂಬಳದ ಹೋಳು ಗುಡಿಸಿದೆ. ಆಮೇಲೆ, ತಗಡು ಒತ್ತೋಕೆ ಇರೋ ಒಂದೇ ಪವರ್ ಪ್ರೆಸ್ಸನ್ನು ನಾನೇ ಕೆಡಿಸಿದ್ದೇನೆ ಅಂತ ಗೊತ್ತಾಯಿತು.

ಆಯುಧಪೂಜೆಗೆ ಮುಂಚೆ ಮಷೀನುಗಳಿಗೆ ಬಣ್ಣ ಬಳಿಯುವುದು ಪ್ರತಿ ವರ್ಷ ನನ್ನ ಪಾಲಿನ ಕೆಲಸ. ಈ ಸಲ ಡೈ, ಅಂದರೆ ಪೀಸಿಗೆ ಆಕಾರ ಕೊಡುವ ಅಚ್ಚು, ಕೂರಿಸುವ ದಪ್ಪ ಪ್ಲೇಟಿಗೂ ಧಾರಾಳವಾಗಿ ಹಸಿರು ಬಳಿದಿದ್ದೆ. ಪ್ಲೇಟಿನಲ್ಲಿ ನಾಲ್ಕು ಬೋಲ್ಟಿನ ತೂತುಗಳಿವೆ. ಬಣ್ಣ ಒಳಗಿಳಿದು, ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಥ್ರೆಡ್ಡಿನ ಮೇಲೆ ಗಟ್ಟಿಯಾಗಿ ಕೂತಿತ್ತು. (ಪೂಜೆಯ ದಿನ ಎಲ್ಲರೂ ಹೊಗಳಿದರು. ತೂತಿಗೆ ಬಟ್ಟೆ ತುರುಕಿದ್ರಾ ಅಂತ ಒಬ್ಬರಾದರೂ ಕೇಳಿದರಾ?)

ಡೈ ಕೂರಿಸಲು ಹೋದರೆ ಬೋಲ್ಟು ಎರಡು ಸುತ್ತು ಹೋಗಿ ನಿಂತುಬಿಟ್ಟಿತು. ಮಾಲು ಕೇಳುವವರ ಪೇಜರ್ ಮೆಸೇಜು ಆಗಲೇ ಎರಡು ಸಲ ಬಂದಿತ್ತು.

"ಇದಕ್ಯಾಕೆ ತಲೆ ಕೆಡಿಸ್ಕೊಳ್ತೀಯ, ಟ್ಯಾಪ್ ಹಾಕಿದ್ರಾಯ್ತು" ಅಂದರು ನಮ್ಮ ಮನೆಯವರು. ಟ್ಯಾಪ್ ಅಂದರೆ ಹೊಸ ತೂತಿನಲ್ಲಿ ಥ್ರೆಡ್ ಕೊರೆಯುವ ಉಕ್ಕಿನ ಕಡ್ಡಿ. ಹೇಳುತ್ತಲೇ ಒಂದು ತೂತಿಗೆ ಹಾಕಿ ಒಂದು ಸುತ್ತು ತಿರುಗಿಸಿಯೂ ಬಿಟ್ಟರು.

ಪ್ರೆಸ್ ಓಡಿಸುವವರು ಗದಗಿನ ಕಡೆಯ ರಾಚಪ್ಪ. ಉದುರಿದ ಪುಡಿಯನ್ನು ಅಂಗೈಗೆ ಹಾಕಿಕೊಂಡು ನೋಡಿದರು. ಹಸಿರಿನ ನಡುವೆ ಬಿಳಿ ಮಿಂಚು.

"ಸಾವ್ಕಾರ್ರ, ತಡೀರಿ. ಹಸಿರು ಬಂದ್ರ ಅಕ್ಕಾರ ಬಣ್ಣ. ಬಿಳಿ ಬಂದ್ರ ಮಷೀನಿನ ಮೈ. ಟ್ಯಾಪ್ ಥ್ರೆಡ್ಡನ್ನ ಕೆರೀತೈತ್ರಿ."

"ಹಬ್ಬದ ಗುಂಗು ಇನ್ನೂ ಇಳಿದಿಲ್ಲ ನಿನಗೆ. ಕೆಲಸ ತಪ್ಪಿಸ್ಕೊಳ್ಳೋಕೆ ನೆಪ."

"ಬೋಲ್ಟ್ ಲೂಸಾಗಿ ಡೈ ಜರುಗಿದ್ರ ಅದರ ಕೆಳಗ ಇರೋದು ನನ್ನ ಕೈರಿ, ನಿಮ್ಮದಲ್ಲ."

ನಮ್ಮವರು ಟ್ಯಾಪನ್ನು ಕೆಳಗಿಟ್ಟರು.

ರಾಚಪ್ಪ ಅದೇ ಅಳತೆಯ ಹಳೇ ಬೋಲ್ಟೊಂದನ್ನು ಮೇಜಿನ ಇಕ್ಕಳ ವೈಸಿಗೆ ಕಚ್ಚಿಸಿ, ಉದ್ದಕ್ಕೆ ಮೂರು ಗೀರು ಗರಗಸದಿಂದ ಕೊಯ್ದರು. ಅಂಚು ಚುಚ್ಚದಂತೆ ಅರ ಹಾಕಿದರು. ತೂತಿಗೆ ಬಣ್ಣ ಕರಗಿಸುವ ಥಿನ್ನರ್ ಬಿಟ್ಟು ಕಾದರು. ಆಮೇಲೆ ಆ ಬೋಲ್ಟನ್ನೇ ತೂತಿಗೆ ಇಳಿಸಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಗೀರಿನಲ್ಲಿ ತುಂಬಿಕೊಂಡು ಬಂದದ್ದು ಬರೀ ಹಸಿರು. ಒರೆಸಿದರು, ಮತ್ತೆ ಹಾಕಿದರು. ನಾಲ್ಕು ತೂತಿಗೆ ಒಂದೂವರೆ ಗಂಟೆ. ನಾನು ಪಕ್ಕದಲ್ಲೇ ಬಟ್ಟೆ ಹಿಡಿದು ನಿಂತಿದ್ದೆ. ತಪ್ಪು ನನ್ನದಲ್ಲವಾ?

(ಹೊಸ ನಾನ್‌ಸ್ಟಿಕ್ ತವಾವನ್ನು ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ಹಾಳು ಮಾಡಿದವಳು ನಾನು. ಕೊಳೆ ಹೋಯಿತು, ಕೋಟಿಂಗೂ ಹೋಯಿತು. ಜೋರಾಗಿ ಉಜ್ಜಿದರೇ ಚೊಕ್ಕಟ ಅಂತ ನಮಗೆ ಕಲಿಸಿದವರು ಯಾರು?)

ಹೊಸ ಬೋಲ್ಟುಗಳು ಬರಿಗೈಯಲ್ಲೇ ಸಲೀಸಾಗಿ ಇಳಿದವು. ಟ್ಯಾಪ್ ಹಾಕಿದ್ದ ತೂತನ್ನು ರಾಚಪ್ಪ ಕೊನೆಗೆ ನೋಡಿದರು. ಬೋಲ್ಟನ್ನು ಅಲ್ಲಾಡಿಸಿದರು, ಸ್ಪ್ಯಾನರಿನಲ್ಲಿ ಬಿಗಿದು ಎಳೆದರು.

"ಮ್ಯಾಲಿನ ಒಂದ ಸುತ್ತು ಸವದೈತ್ರಿ ಅಕ್ಕಾರ. ಕೆಳಗ ಗಟ್ಟಿ ಐತಿ. ನಡೀತೈತಿ."

ಮೊದಲ ನೂರು ಪೀಸು ಹೊಡೆದು, ರಾಚಪ್ಪ ಬೋಲ್ಟುಗಳನ್ನು ಮತ್ತೆ ಮುಟ್ಟಿ ನೋಡಿದರು. ಒಂದೂ ಅಲುಗಿರಲಿಲ್ಲ.

ಮಧ್ಯಾಹ್ನ ಕರೆಂಟು ಹೋಯಿತು. ಮೂವರೂ ಕೂತು ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ತಿಂದೆವು. ಮೊದಲು ನಿದ್ದೆ ಹೋದವರು ರಾಚಪ್ಪ, ಎರಡೂ ಕೈ ಎದೆಯ ಮೇಲಿಟ್ಟುಕೊಂಡು. ನಮ್ಮವರು ಸ್ವಲ್ಪ ಹೊತ್ತು ಆ ಕೈಗಳನ್ನೇ ನೋಡಿದರು. ಆಮೇಲೆ ರಟ್ಟಿನ ತುಂಡೊಂದನ್ನು ತಂದು, ಸದ್ದಿಲ್ಲದೆ ಅವರಿಗೆ ಗಾಳಿ ಹಾಕುತ್ತ ಕೂತರು.

ಸಾರಿ ಅನ್ನುವ ಪದ ಬಾಯಿಂದಲೇ ಬರಬೇಕಾ?