ಟೀಚರು ತಾನೇ ಬಿದ್ದ ಇಳಿಜಾರು

ಅಲ್ಲ ಪುಟ್ಟಿ, ಪ್ರಬಂಧದಲ್ಲಿ ಹಾಗೆಲ್ಲ ಬರೀಬೇಡ. "ಶಿಕ್ಷಣಕ್ಕೆ ಬದುಕು ಸವೆಸಿದರು" ಅಂತ ಬರೆದರೆ ನಿನ್ನ ಟೀಚರಜ್ಜಿ ನಗ್ತಾಳೆ. ನನ್ನ ನಾದಿನಿ ಅವಳು, ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಬಲ್ಲೆ. ಬದುಕು ಸವೆಸಲಿಲ್ಲ, ಚಪ್ಪಲಿ ಸವೆಸಿದಳು. ಮಕ್ಕಳನ್ನ ಕಟ್ಟಿಕೊಂಡು ಬೀದಿ ಸುತ್ತಿದ್ದೇ ಹೆಚ್ಚು. ಲೆಕ್ಕ ಕಲಿಸಬೇಕು ಅಂದರೆ ಯಾರದೋ ಮನೆಯ ಸೋರುವ ನಲ್ಲಿ ಕೆಳಗೆ ಬಕೆಟ್ ಇಡಿಸಿ, ದಿನಕ್ಕೆಷ್ಟು ನೀರು ಪೋಲು ಅಂತ ಲೆಕ್ಕ ಹಾಕಿಸೋಳು. ಆಮೇಲೆ ಆ ನಲ್ಲಿ ರಿಪೇರಿ ಆಗೋವರೆಗೂ ಬಿಡ್ತಿರಲಿಲ್ಲ. ನಮ್ಮ ನಲ್ಲಿಯನ್ನೂ ಬಿಚ್ಚಿಸಿದ್ದಳು. ನಿಮ್ಮ ತಾತ ತಲೆತುಂಬ ಸೋಪು ಹಚ್ಚಿಕೊಂಡು ಕೂಗಾಡಿದ್ದು, ಅದು ಬೇರೆ ಕಥೆ ಬಿಡು.

ಅವಳದೊಂದು ಪದ್ಧತಿ. ಮಕ್ಕಳು ತಪ್ಪು ಮಾಡ್ತಿದ್ದರೂ ನಡುವೆ ಬಾಯಿ ಹಾಕೋದಿಲ್ಲ. ಆದರೆ ಅವರು ಮಾಡಿದ್ದನ್ನ ಬೇರೆಯವರು ಬಳಸೋ ಮುಂಚೆ ತಾನೇ ಬಳಸಿ ನೋಡ್ತಾಳೆ.

ಒಂದು ವರ್ಷ ಊರಿನ ಲೈಬ್ರರಿ ಬಾಗಿಲಿಗೆ ಮಕ್ಕಳು ಇಳಿಜಾರು ಕಟ್ಟಿದರು. ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬ ಗಾಲಿಕುರ್ಚಿಯಲ್ಲಿ ಬಂದು ಮೆಟ್ಟಿಲ ಕೆಳಗೇ ಪೇಪರ್ ಓದ್ತಿದ್ದ, ಅವನಿಗೋಸ್ಕರ. ಜಾಗ ಸಾಲದು ಅಂತ ಉದ್ದ ಕಮ್ಮಿ ಮಾಡಿ ಕಡಿದಾಗಿ ಕಟ್ಟಿಬಿಟ್ಟಿದ್ದರು, ಗೋಡೆಗೆ ಏಣಿ ಒರಗಿಸಿದ ಹಾಗೆ. ನಾದಿನಿ ಅವನ ಕುರ್ಚಿಯಲ್ಲಿ ಕೂತು ಅರ್ಧ ಹತ್ತಿದಳು, ಹಿಂದಕ್ಕೆ ಜಾರಿ ದಡಾರಂತ ಬಿದ್ದಳು. ಕೈ ಮುರೀತು.

ಹೆಡ್‌ಮಾಸ್ಟರ್ ಮನೆಗೇ ಬಂದರು. "ಸಾಕಮ್ಮ ನಿಮ್ಮ ಬೀದಿ ಪಾಠ. ಆ ಮುದುಕ ಬಿದ್ದಿದ್ರೆ ಏನ್ ಗತಿ? ಈ ಕ್ಲಾಸೇ ಬಂದ್!"

"ಅವರು ಬೀಳ್ಬಾರ್ದು ಅಂತ್ಲೇ ಸಾರ್ ನಾನು ಬಿದ್ದಿದ್ದು."

"ಇದೊಳ್ಳೆ ವಾದ!"

"ಇಳಿಜಾರು ಸರಿ ಮಾಡೋಕೆ ಬಿಡಿ. ಆಗ್ಲೂ ಬೇಡ ಅಂದ್ರೆ ನಿಲ್ಲಿಸ್ತೀನಿ."

ಅವರು ಹೋದ ಮೇಲೆ ಅವಳ ಮುಖ ಬಿಳಿಚಿಕೊಂಡಿತ್ತು. ಆ ಕ್ಲಾಸ್ ಬಿಟ್ಟರೆ ಅವಳಿಗೆ ಬೇರೆ ಲೋಕವೇ ಇರಲಿಲ್ಲ ಕಣೇ. ಆದರೂ ಮಕ್ಕಳಿಗೆ ಏನೂ ಹೇಳಿಕೊಡಲಿಲ್ಲ. "ನಾನ್ಯಾಕೆ ಬಿದ್ದೆ, ಹೇಳಿ ನೋಡೋಣ" ಅಂದಳು, ಅಷ್ಟೇ.

ಮಕ್ಕಳು ಆಸ್ಪತ್ರೆ, ಸ್ಟೇಷನ್ ಅಂತ ಸುತ್ತಿ, ಇದ್ದಬದ್ದ ಇಳಿಜಾರಿಗೆಲ್ಲ ಟೇಪು ಹಿಡಿದರು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು ಅಂತ ಗೊತ್ತಾಯ್ತು. ಅಷ್ಟುದ್ದ ಬೇಕಾದರೆ ಪಕ್ಕದ ಗೋಡೆಗುಂಟ ತಿರುಗಿಸಬೇಕು. ಅಲ್ಲಿ ಕ್ಷೌರದಂಗಡಿಯವನ ಬೆಂಚು.

"ನನ್ ಗಿರಾಕಿಗಳು ಎಲ್ಲಿ ಕೂರ್ಬೇಕು, ನಿಮ್ ತಲೆ ಮೇಲಾ?" ಅಂದನಂತೆ.

"ಕೂರ್ಲಿ ಅಂಕಲ್, ಆದ್ರೆ ಆಮೇಲೆ ನಮ್ಗೆ ಕಟಿಂಗ್ ಫ್ರೀ!" ಅಂದಳಂತೆ ಒಬ್ಬ ಹುಡುಗಿ. ಅವನು ನಕ್ಕುಬಿಟ್ಟ. ಬೆಂಚು ಆಚೆ ಎತ್ತಿಡೋಕೆ ತಾನೇ ಕೈ ಹಾಕಿದ.

ಹೊಸ ಇಳಿಜಾರು ಮುಗಿದ ದಿನ ನಾದಿನಿ ಕೈಗೆ ಪ್ಲಾಸ್ಟರ್ ಇದ್ದರೂ ಮತ್ತೆ ಕುರ್ಚಿ ಹತ್ತಿದಳು. ಹೆಡ್‌ಮಾಸ್ಟರ್ ಓಡಿ ಬಂದರು. "ಇನ್ನೊಂದ್ ಕೈನೂ ಮುರ್ಕೋಬೇಡಿ, ಏಳಿ!" ಅಂತ ಎಬ್ಬಿಸಿ ತಾವೇ ಕೂತರು. ಚಕ್ರ ತಳ್ಳಿಕೊಂಡು ಸಲೀಸಾಗಿ ಬಾಗಿಲಿಗೆ ಹೋದರು. ಇಳಿದರು. ಮತ್ತೆ ಹತ್ತಿದರು! ಬೆಂಚಿನ ಮೇಲೆ ಕಾಯ್ತಿದ್ದ ಪೋಸ್ಟ್‌ಮ್ಯಾನ್ "ಸಾರ್, ಕುರ್ಚಿ ನಂದು!" ಅಂತ ಕೂಗಬೇಕಾಯ್ತು.

ಕ್ಲಾಸ್ ಉಳೀತು. ರಿಟೈರಾದರೂ ಅವಳು ನಿಲ್ಲಿಸಿಲ್ಲ ನೋಡು, ಈಗ ಮಕ್ಕಳ ಕೈಲಿ ಬಸ್‌ಸ್ಟಾಪಿಗೆ ಬೆಂಚು ಮಾಡಿಸ್ತಿದ್ದಾಳೆ. ಬರೆದಿದ್ದು ಸಾಕು, ಏಳು. ಮೂಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಮರದ ಅಂಟು ಒಂದು ಡಬ್ಬಿ ತಗೊಂಡು ಅವಳಿಗೆ ಕೊಟ್ಟು ಬಾ. ಅಲ್ಲಾಡಿಸಿ ನೋಡಿ ತಗೋ, ಮೊನ್ನೆ ತಂದಿದ್ದು ಕಲ್ಲಾಗಿತ್ತು. ಹಾಗೇ ಊಟಕ್ಕೆ ಕರೆ, ಮರೆತೇ ಬಿಟ್ಟಿರ್ತಾಳೆ.